ಸ್ಕಿಮ್ಮರ್ ಕುತ್ತಿಗೆ ಒರೆಸೋ ಕೆಲಸ ಈಗ ಮೋಟಾರಿನದು

ನಾಲ್ಕು ತಿಂಗಳಾಯಿತು, ಸ್ಕಿಮ್ಮರ್ ಕುತ್ತಿಗೆಗೆ ನಾನು ಬ್ರಷ್ ಹಾಕಿಲ್ಲ. ಸ್ಕಿಮ್ಮರ್ ಅಂದರೆ ಉಪ್ಪುನೀರಿನ ಮೀನಿನ ಟ್ಯಾಂಕಿನ ಕೊಳೆಯನ್ನು ನೊರೆಯಾಗಿ ಎಬ್ಬಿಸಿ ಮೇಲಿನ ಕಪ್ಪಿಗೆ ತುಂಬಿಸೋ ಯಂತ್ರ; ನೊರೆ ಏರೋ ಕೊಳವೆಯೇ ಅದರ ಕುತ್ತಿಗೆ. ಮೊದಲು ಎರಡು ದಿನಕ್ಕೊಮ್ಮೆ ಕಪ್ ಬಿಚ್ಚಿ ಉಜ್ಜಲೇಬೇಕಿತ್ತು. ಒಳಗೆ ಜಿಡ್ಡು ಮೆತ್ತಿಕೊಂಡರೆ ನೊರೆ ಅರ್ಧಕ್ಕೇ ಒಡೆದು ಕೆಳಗಿಳಿಯುತ್ತದೆ. ಒಂದು ವಾರ ಊರಿಗೆ ಹೋಗಿ ಬಂದರೆ ಕಪ್ ಖಾಲಿ, ನೀರು ಹಳದಿ. ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆ ಈ ಗೋಳು ಗೊತ್ತೇ ಇದೆ.

ಕುತ್ತಿಗೆಯನ್ನು ತಾನೇ ಒರೆಸೋ ರೆಡಿಮೇಡ್ ಕ್ಲೀನರ್ ಹೊರದೇಶದಿಂದ ತರಿಸೋಕೆ 15 ಸಾವಿರದ ಮೇಲೆ ಹೇಳಿದರು. ಅದೂ ನನ್ನ ಸ್ಕಿಮ್ಮರ್‌ಗೆ ಕೂರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಬೆಳಗಾವಿಯಲ್ಲಿದ್ದು, ಉದ್ಯಮಬಾಗ್ ಕೈಗಾರಿಕಾ ಪ್ರದೇಶವನ್ನು ಪಕ್ಕದಲ್ಲೇ ಇಟ್ಟುಕೊಂಡು, ಒಂದು ವೈಪರ್ ಮಾಡಿಸೋಕಾಗಲ್ವಾ ಅನ್ನಿಸಿತು. ಲೇತ್ ಅಂಗಡಿಯವರು ಚಿತ್ರ ನೋಡಿ "ಮೀನಿನ ತೊಟ್ಟಿಗೆ ವೈಪರ್ ಯಾಕ್ರೀ ಸರ?" ಅಂದರು. ಶಹಾಪುರದ ಗೆಳೆಯ "ಒಂದ ತಿಂಗಳ ನಡದ್ರ ಹೇಳು" ಅಂದ.

ಮೊದಲನೆಯದು ಮೂರು ವಾರ ನಡೆಯಿತು. 12 ವೋಲ್ಟಿನ ಗೇರ್ ಮೋಟಾರನ್ನು ಕಪ್ ಮುಚ್ಚಳದ ಮೇಲೇ ಕೂರಿಸಿದ್ದೆ. ಉಪ್ಪಿನ ತೇವ ಶಾಫ್ಟ್ ಗುಂಟ ಒಳಗೆ ಹೋಗಿ ಮೋಟಾರ್ ಜಾಮ್ ಆಯಿತು. 450 ರೂಪಾಯಿ ಹೋಯಿತು. ಎರಡನೆಯದಕ್ಕೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ರಾಡ್ ಹಾಕಿಸಿದೆ. ತುಕ್ಕು ಹಿಡಿಯಲ್ಲ ಅಂತ ಎಲ್ಲರೂ ಹೇಳಿದ್ದರು. ಉಪ್ಪುನೀರಿಗೆ ಅದು ತಡೆಯಲಿಲ್ಲ, ತಿಂಗಳೊಳಗೆ ಚಹಾ ಬಣ್ಣದ ಚುಕ್ಕೆ ಎದ್ದವು. ಹವಳ ಸಾಕಿದ ನೀರಿಗೆ ತುಕ್ಕು ಇಳಿಯೋಕೆ ಬಿಡ್ತೀವಾ? ಕಿತ್ತುಹಾಕಿದೆ. ಈಗ ನೈಲಾನ್ ರಾಡ್. ಮೋಟಾರ್ ನಾಲ್ಕು ಬೆರಳಿನಷ್ಟು ಮೇಲೆ, ನಡುವೆ ಒಂದು ಅಕ್ರಿಲಿಕ್ ಬಿಲ್ಲೆ. ತೇವ ಬಿಲ್ಲೆಯ ಅಡಿಯಲ್ಲೇ ಹನಿಗಟ್ಟಿ ನಿಲ್ಲುತ್ತದೆ.

ಬ್ಲೇಡ್ ಹುಡುಕೋದೇ ದೊಡ್ಡ ತಲೆನೋವಾಗಿತ್ತು. ಕಾರಿನ ವೈಪರ್ ರಬ್ಬರ್ ಕತ್ತರಿಸಿ ಹಾಕಿದೆ, ಎರಡು ದಿನ ನೊರೆಯೇ ಏಳಲಿಲ್ಲ. ಕೈಗೆ ಕೊಬ್ಬರಿ ಎಣ್ಣೆ ಇದ್ದರೂ ನೊರೆ ಕೂತುಬಿಡುತ್ತದೆ ಅಲ್ವಾ, ಹಾಗೇ ಆಯಿತು. ಕೊನೆಗೆ ಕೇಕ್ ಹಿಟ್ಟು ಕಲಸೋ 80 ರೂಪಾಯಿಯ ಸಿಲಿಕೋನ್ ಸ್ಪಾಚುಲಾ ತಂದು, ಕುದಿಸಿ, ಪಟ್ಟಿ ಕತ್ತರಿಸಿದೆ. ನೆಟ್ಟಗಿಟ್ಟರೆ ಜಿಡ್ಡು ಕೆಳಗೆ ಬೀಳುತ್ತದೆ, ಸ್ವಲ್ಪ ತಿರುಚಿದರೆ ನೊರೆ ಜೊತೆ ಮೇಲೇರಿ ಕಪ್ಪಿಗೆ ಬರುತ್ತದೆ. ಎಷ್ಟು ತಿರುಚಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಕ್ಕಾಗಿ ಒಂಬತ್ತೋ ಹತ್ತೋ ಪಟ್ಟಿ ಹಾಳು ಮಾಡಿದ್ದೇನೆ.

ನಡುವೆ ಇನ್ನೊಂದು ಪ್ರಯತ್ನವೂ ಆಯಿತು. ಸಣ್ಣ ಪಂಪಿನಿಂದ ಆರ್‌ಓ ನೀರು ಚಿಮ್ಮಿಸಿ ಕುತ್ತಿಗೆ ತೊಳೆಯೋಣ ಅಂತ. ಮೂರನೇ ರಾತ್ರಿ ಕಪ್ ತುಂಬಿ ಉಕ್ಕಿ, ವಾರದ ಕೊಳೆಯೆಲ್ಲ ಸಂಪ್‌ಗೆ (ಸ್ಕಿಮ್ಮರ್ ಕೂತಿರೋ, ಟ್ಯಾಂಕಿಗೆ ಸೇರಿದ ತೊಟ್ಟಿಗೆ) ವಾಪಸ್. ಬೆಳಿಗ್ಗೆ ಬಾಗಿಲು ತೆಗೆದರೆ ಕೊಳೆತ ಮೊಟ್ಟೆ ವಾಸನೆ. 1.025 ಇದ್ದ ಉಪ್ಪಿನ ಅಳತೆ (ನೀರಿನ ಸಾಪೇಕ್ಷ ಸಾಂದ್ರತೆ) 1.023ಕ್ಕೆ ಇಳಿದಿತ್ತು. ಅವತ್ತು ಅರ್ಧ ಟ್ಯಾಂಕ್ ನೀರು ಬದಲಿಸಬೇಕಾಯಿತು, ಉಪ್ಪಿನದ್ದೇ ಸಾವಿರದ ಖರ್ಚು.

ವೈಪರನ್ನು ದಿನವಿಡೀ ಓಡಿಸಬೇಡಿ, ನೊರೆಯ ತಲೆ ಒಡೆಯುತ್ತದೆ. ನಾನು ದಿನಕ್ಕೆ ಎರಡು ಸಲ, ಒಂದೊಂದು ನಿಮಿಷ ಓಡಿಸುತ್ತೇನೆ. ಮೊದಲು ಮುಳ್ಳು ತಿರುಗೋ ಟೈಮರ್ ಇತ್ತು. ಕರೆಂಟ್ ಹೋದಾಗಲೆಲ್ಲ ಅದು ಹಿಂದೆ ಬಿದ್ದು, ನಡುರಾತ್ರಿ ಮೋಟಾರ್ ಗರ್ ಅನ್ನುತ್ತಿತ್ತು. ಬ್ಯಾಟರಿ ಇರೋ ಡಿಜಿಟಲ್ ಟೈಮರ್ ತಂದ ಮೇಲೆ ಆ ಕಾಟ ತಪ್ಪಿತು.

ಹಾಳಾದದ್ದು ಬಿಟ್ಟು, ಈಗಿರುವ ಸೆಟ್ಟಿಗೆ ಎಲ್ಲ ಸೇರಿ 2,200 ಆಗಿರಬಹುದು. ಕಪ್ ಚೆಲ್ಲೋದು, ಗಾಳಿ ಪೈಪಿನ ಉಪ್ಪನ್ನು ಬಿಸಿನೀರಲ್ಲಿ ಕರಗಿಸೋದು ಇನ್ನೂ ಕೈಯಲ್ಲೇ ನಡೆದಿದೆ. ಕಪ್ ತುಂಬಿದರೆ ಪಂಪ್ ನಿಲ್ಲಿಸೋ ಫ್ಲೋಟ್ ಸ್ವಿಚ್ ತಂದಿಟ್ಟಿದ್ದೇನೆ, ಈ ಭಾನುವಾರ ಕೂರಿಸಬೇಕು.