ರ‍್ಯಾಮ್ ಕೊಳ್ಳುವ ಮುನ್ನ ಯಂತ್ರದ ಮಿತಿ ತಿಳಿಯುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಕೊಳ್ಳಲು ಹೊರಟವರು, ಕೊಂಡದ್ದನ್ನೆಲ್ಲ ಆ ಯಂತ್ರ ಬಳಸಿಕೊಳ್ಳಬಲ್ಲದೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಮೆಮೊರಿಯ ಪ್ರತಿ ಬೈಟ್‌ಗೂ ಒಂದು ವಿಳಾಸವಿರುತ್ತದೆ. ಆ ವಿಳಾಸಕ್ಕೆ ಪ್ರೊಸೆಸರ್ ಎಷ್ಟು ಬಿಟ್‌ಗಳನ್ನು (0 ಅಥವಾ 1 ಆಗಿರುವ ಅಂಕಿಗಳನ್ನು) ಮೀಸಲಿಟ್ಟಿದೆಯೋ ಅದರ ಮೇಲೆ ಮೆಮೊರಿಯ ಗರಿಷ್ಠ ಮಿತಿ ನಿಂತಿದೆ. ಒಂದು ಬಿಟ್ ಹೆಚ್ಚಿದರೆ ಮಿತಿ ಇಮ್ಮಡಿಯಾಗುತ್ತದೆ. 20 ಬಿಟ್ ವಿಳಾಸದ ಇಂಟೆಲ್ 8086 ಪ್ರೊಸೆಸರ್‌ಗೆ 1 ಎಂಬಿ, 24 ಬಿಟ್‌ನ 80286ಕ್ಕೆ 16 ಎಂಬಿ, 1985ರಲ್ಲಿ ಬಂದ 32 ಬಿಟ್‌ನ 80386ಕ್ಕೆ 4 ಜಿಬಿ, ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 296 ಬೈಟ್ ಮಿತಿಯಾಯಿತು.

ಮೊದಲು ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆಯಿರಿ. ಅಲ್ಲಿ 4 ಜಿಬಿ ರ‍್ಯಾಮ್ ಇದ್ದು, ಪಕ್ಕದಲ್ಲಿ ಬಳಕೆಗೆ ಸಿಗುವುದು 3.25 ಜಿಬಿ ಎಂದಿದ್ದರೆ ರ‍್ಯಾಮ್ ಕೆಟ್ಟಿದೆಯೆಂದು ಭಾವಿಸಬೇಡಿ. 32 ಬಿಟ್‌ನ ವ್ಯವಸ್ಥೆಯಲ್ಲಿ ಗ್ರಾಫಿಕ್ಸ್ ಮುಂತಾದ ಸಾಧನಗಳಿಗೂ ಅದೇ 4 ಜಿಬಿ ವಿಳಾಸಗಳಲ್ಲೇ ಜಾಗ ಕೊಡಬೇಕಾಗುವುದರಿಂದ, ಅಷ್ಟು ರ‍್ಯಾಮ್‌ಗೆ ವಿಳಾಸವೇ ಉಳಿದಿರುವುದಿಲ್ಲ. ಸಿಸ್ಟಮ್ ಟೈಪ್ ಸಾಲಿನಲ್ಲಿ ಆಪರೇಟಿಂಗ್ ಸಿಸ್ಟಮ್ 32 ಬಿಟ್, ಪ್ರೊಸೆಸರ್ 64 ಬಿಟ್ ಎಂದು ಕಂಡರೆ ಸಾಮಾನ್ಯವಾಗಿ 64 ಬಿಟ್ ವಿಂಡೋಸ್ ಹಾಕಿದರೆ ಸಾಕು. ಆದರೆ ಹಳೆಯದರ ಮೇಲೆಯೇ ಅಪ್‌ಗ್ರೇಡ್ ಮಾಡಲು ಬರುವುದಿಲ್ಲವಾದ್ದರಿಂದ, ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಂಡು ಹೊಸದಾಗಿ ಸ್ಥಾಪಿಸಬೇಕು.

64 ಬಿಟ್ ಪ್ರೊಸೆಸರ್ ಎಂದ ಮಾತ್ರಕ್ಕೆ ಅದರ ವಿಳಾಸವೂ 64 ಬಿಟ್‌ನದಲ್ಲ. ಲಿನಕ್ಸ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಆದೇಶ ಕೊಟ್ಟಾಗ ಅಡ್ರೆಸ್ ಸೈಜಸ್ ಸಾಲಿನಲ್ಲಿ ಹಲವು ಯಂತ್ರಗಳು 39 ಬಿಟ್ಸ್ ಫಿಸಿಕಲ್, 48 ಬಿಟ್ಸ್ ವರ್ಚುವಲ್ ಎಂದು ತೋರಿಸುತ್ತವೆ. ನಮಗೆ ಬೇಕಾದದ್ದು ಮೊದಲ ಸಂಖ್ಯೆ: 39 ಬಿಟ್ ಎಂದರೆ 512 ಜಿಬಿ. ಎರಡನೆಯದು ಪ್ರೋಗ್ರಾಮ್‌ಗಳಿಗೆ ಕಾಣುವ ವಿಳಾಸಗಳ ಅಗಲವಾಗಿದ್ದು, ಹಾಕಬಹುದಾದ ರ‍್ಯಾಮ್‌ನ ಮಿತಿಯನ್ನು ಅದು ಹೇಳುವುದಿಲ್ಲ.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ನಿಜವಾದ ತೊಡಕಿರುವುದು ಬಹುಮಟ್ಟಿಗೆ ಚಿಪ್‌ಸೆಟ್‌ನಲ್ಲಿ, ಅಂದರೆ ಪ್ರೊಸೆಸರನ್ನು ಮೆಮೊರಿ ಮುಂತಾದ ಭಾಗಗಳೊಡನೆ ಬೆಸೆಯುವ ಚಿಪ್‌ಗಳಲ್ಲಿ. ಇಂಟೆಲ್ 945ಜಿಎಂ ಚಿಪ್‌ಸೆಟ್‌ನೊಡನೆ 64 ಬಿಟ್‌ನ ಕೋರ್ 2 ಡ್ಯುಯೋ ಇದ್ದರೂ, ಚಿಪ್‌ಸೆಟ್‌ನ ವಿಳಾಸ 32 ಬಿಟ್‌ನದೇ ಆದ್ದರಿಂದ 4 ಜಿಬಿಯೂ ಪೂರ್ತಿ ದಕ್ಕುವುದಿಲ್ಲ. ಅಂಥ ಯಂತ್ರಕ್ಕೆ 64 ಬಿಟ್ ವಿಂಡೋಸ್ ಹಾಕಿದರೂ ಈ ಕೊರತೆ ನೀಗದು. ಆದ್ದರಿಂದ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಗರಿಷ್ಠ ಮೆಮೊರಿ ಎಷ್ಟೆಂದು ನೋಡಿ, ಅದನ್ನೇ ಅಂತಿಮವೆಂದು ಇಟ್ಟುಕೊಳ್ಳಿ. ವಿಂಡೋಸ್ ಆವೃತ್ತಿಯದೂ ಒಂದು ಮಿತಿಯುಂಟು: 64 ಬಿಟ್‌ನ ವಿಂಡೋಸ್ 7 ಹೋಮ್ ಬೇಸಿಕ್ 8 ಜಿಬಿಗೆ, ಹೋಮ್ ಪ್ರೀಮಿಯಂ 16 ಜಿಬಿಗೆ ನಿಲ್ಲುತ್ತವೆ.

ಅಂಗಡಿಗೆ ಹೋಗುವಾಗ ಲ್ಯಾಪ್‌ಟಾಪ್‌ನ ಮಾದರಿ ಸಂಖ್ಯೆ, ಖಾಲಿ ಇರುವ ಸ್ಲಾಟ್‌ಗಳು, ಈಗಿರುವ ರ‍್ಯಾಮ್ ಡಿಡಿಆರ್2, 3 ಅಥವಾ 4 ಯಾವುದು ಎಂಬುದನ್ನು ಬರೆದುಕೊಂಡು ಹೋಗಿ. ಸಾಧ್ಯವಾದರೆ ಯಂತ್ರವನ್ನೇ ಒಯ್ದು, ಹೊಸ ರ‍್ಯಾಮ್ ಹಾಕಿಸಿ, ಅಬೌಟ್ ಪುಟದಲ್ಲಿ ಬಳಕೆಗೆ ಸಿಗುವ ಮೆಮೊರಿ ಎಷ್ಟೆಂದು ಅಲ್ಲೇ ನೋಡಿಕೊಂಡ ಮೇಲೆ ಹಣ ಕೊಡಿ.