ಪೆಟ್ರೋಲ್ ಖಾಲಿಯಾದ ಮೇಲೆ ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಬೈಕ್ ಜರ್ಕ್ ಹೊಡೀತಿದೆಯಾ?

ಬೆಂಗಳೂರಿನ ಹೆಬ್ಬಾಳ ಫ್ಲೈಓವರ್ ಮೇಲೆ ಪೆಟ್ರೋಲ್ ಮುಗಿದು, ಬಾಟಲಿಯಲ್ಲಿ ಅರ್ಧ ಲೀಟರ್ ತಂದು ಹಾಕಿ ಸೆಲ್ಫ್ ಒತ್ತುತ್ತಲೇ ಇದ್ದರೆ ಬ್ಯಾಟರಿ ಕೂತುಹೋಗುತ್ತದೆ ಅಷ್ಟೆ. ಮೊದಲು ಎರಡು ಮೂರು ಲೀಟರ್ ಹಾಕಿ. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ರನ್ ಕಡೆಗೆ ಇರಲಿ. ಕೀ ಆನ್ ಮಾಡಿ, ಟ್ಯಾಂಕ್ ಹತ್ತಿರ ಕಿವಿಯಿಟ್ಟು ಕೇಳಿ. ಟ್ಯಾಂಕಿನೊಳಗಿನ ಪಂಪ್ ಎರಡು ಮೂರು ಸೆಕೆಂಡ್ ಜುಯ್ ಅಂತ ಓಡಿ ನಿಲ್ಲಬೇಕು. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಪೈಪಿನ ಗಾಳಿ ಹೋಗಿ ಪ್ರೆಶರ್ ಬರುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ.

ಸದ್ದೇ ಬರಲಿಲ್ವಾ? ಫ್ಯೂಸ್ ನೋಡಿ.

ಐಡಲ್ ಸರಿಯಿದ್ದು ಥ್ರಾಟಲ್ ಕೊಟ್ಟಾಗ ಮಾತ್ರ ಉಸಿರು ಕಟ್ಟಿದಂತೆ ಆದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ನನ್ನ ಮೊದಲ ಅನುಮಾನ. ಟ್ಯಾಂಕಿನ ತಳದಲ್ಲಿದ್ದ ತುಕ್ಕು, ಕಸ, ನೀರು ಎಲ್ಲಾ ಕೊನೆ ಹನಿಗಳ ಜೊತೆ ಪಂಪಿನ ಬಾಯಲ್ಲಿರುವ ಜಾಲರಿಗೆ (ಸ್ಟ್ರೇನರ್) ಬಂದಿರಬಹುದು. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಅದು ನೀರು ಹೀರುತ್ತದೆ, ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮಾತ್ರ ಈ ಕೆಲಸ ಬೇಡವೇ ಬೇಡ, ಆವಿಗೆ ಬೆಂಕಿ ಹತ್ತುತ್ತದೆ.

ಮೆಕ್ಯಾನಿಕ್ ನೇರವಾಗಿ ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಕ್ಲೀನಿಂಗ್ ಅಂದರೆ, ಮೊದಲು ಗೇಜ್ ಹಾಕಿ ಪ್ರೆಶರ್ ನೋಡಲು ಹೇಳಿ. ಅನೇಕ ಬೈಕ್‌ಗಳಲ್ಲಿ ಅದು ಸುಮಾರು 3 ಬಾರ್. ಕಡಿಮೆ ಇದ್ದರೆ ಫಿಲ್ಟರ್ ಅಥವಾ ಪಂಪ್. ಪಂಪ್ ತಣ್ಣಗಿರುವುದೇ ಪೆಟ್ರೋಲ್‌ನಿಂದ, ಒಣಗಿ ಓಡಿದರೆ ಸವೆಯುತ್ತದೆ. ಫಿಲ್ಟರ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಹಳೆಯದನ್ನು ಜೊತೆಗೆ ಒಯ್ಯಿರಿ.