ಆಮ್ಲಕ್ಕೆ ಹಾಕುವ ಮೊದಲು ಗಂಟುಕಲ್ಲನ್ನು ಕೊಯ್ಯಬೇಕು

ಧಾರವಾಡ, ಗದಗ ಸೀಮೆಯ ಬಂಡೆಗಳು ಬಹುತೇಕ 250 ಕೋಟಿ ವರ್ಷಕ್ಕೂ ಹಳೆಯವು. ಅವುಗಳಲ್ಲಿ ಫೊರಾಮಿನಿಫೆರಾ, ಅಂದರೆ ಚಿಪ್ಪುಳ್ಳ ಏಕಕೋಶ ಸಮುದ್ರಜೀವಿಗಳ ಪಳೆಯುಳಿಕೆ, ಹುಡುಕುವುದು ವ್ಯರ್ಥ. ಎರೆಹೊಲದಲ್ಲಿ ಸಿಗುವ ಸುಣ್ಣದ ಹರಳನ್ನು ವಿದ್ಯಾರ್ಥಿಗಳು ಆಸೆಯಿಂದ ತಂದು ಕೊಡುತ್ತಾರೆ. ಆದರೆ ಅದು ಬೆಳೆದದ್ದು ಮಣ್ಣಿನಲ್ಲಿ, ಸಮುದ್ರದ ಕೆಸರಿನಲ್ಲಲ್ಲ. ಹಾಗಾಗಿ ನಾನು ಧಾರವಾಡದಲ್ಲಿ ಕುಳಿತು ಪರೀಕ್ಷಿಸುವುದು ತಮಿಳುನಾಡಿನ ಪೆರಂಬಲೂರು ಕಡೆಯ ಕಾರೈ ಜೇಡಿಶಿಲೆಯ ಗಂಟುಕಲ್ಲುಗಳನ್ನು, ಅಂದರೆ ಕೆಸರಿನೊಳಗೇ ಗಟ್ಟಿಯಾದ ಕಲ್ಲುಂಡೆಗಳನ್ನು. ಸುಮಾರು 10 ಕೋಟಿ ವರ್ಷಗಳ ಹಿಂದಿನ ಸಮುದ್ರತಳ ಅದು.

ಕೆಸರಿನಲ್ಲಿ ಹೂತ ಜೈವಿಕ ವಸ್ತುವನ್ನು ಬ್ಯಾಕ್ಟೀರಿಯಾಗಳು ಕೊಳೆಯಿಸುವಾಗ ಸುತ್ತಲಿನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚುತ್ತದೆ. ಆಗ ಕೆಸರಿನ ಕಣಗಳ ನಡುವೆ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ಕೂಡಿ ಗಂಟುಕಲ್ಲಾಗುತ್ತದೆ. ಇದೆಲ್ಲ ಮೇಲಿನ ಪದರಗಳ ಭಾರ ಬೀಳುವ ಮೊದಲೇ ನಡೆದರೆ ಒಳಗಿನ ಚಿಪ್ಪುಗಳು ಗುಂಡಗೇ ಉಳಿಯುತ್ತವೆ. ಪಕ್ಕದ ಜೇಡಿಶಿಲೆಯಲ್ಲಿ ಅದೇ ಚಿಪ್ಪು ಹಪ್ಪಳದಂತೆ ಚಪ್ಪಟೆಯಾಗಿರುತ್ತದೆ, ಇಲ್ಲವೇ ಕರಗಿಯೇ ಹೋಗಿರುತ್ತದೆ.

ಅನೇಕರು ಗಂಟುಕಲ್ಲು ಕೈಗೆ ಬಂದೊಡನೆ ಆಮ್ಲದ ಬಾಟಲಿಗೆ ಕೈ ಹಾಕುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಫೊರಾಮಿನಿಫೆರಾದ ಚಿಪ್ಪೂ ಕ್ಯಾಲ್ಸೈಟೇ, ಕೆಸರಿನ ಕಣಗಳನ್ನು ಹಿಡಿದಿಟ್ಟ ಗಾರೆಯೂ ಕ್ಯಾಲ್ಸೈಟೇ. ಆಮ್ಲ ಎರಡನ್ನೂ ಒಟ್ಟಿಗೆ ನುಂಗುತ್ತದೆ. ಹಾಗಾಗಿ ಮೊದಲು ಕೊಯ್ತ, ಅದೂ ಪದರಗಳಿಗೆ ಅಡ್ಡವಾಗಿ. ದೊಡ್ಡ ಕಲ್ಲುಗಳನ್ನು ಹುಬ್ಬಳ್ಳಿಯ ಗ್ರಾನೈಟ್ ಅಂಗಡಿಯೊಂದಕ್ಕೆ ಒಯ್ಯುತ್ತೇನೆ. "ಸರ್, ಇದರಲ್ಲಿ ಬಂಗಾರವೇನಾದರೂ ಇದೆಯೇ?" ಎಂದು ಕೊರೆಯುವ ಹುಡುಗ ಕೇಳುತ್ತಾನೆ. ಗದಗದ ಗಣಿಯ ಸುದ್ದಿ ಕೇಳಿ ಬೆಳೆದವನಿಗೆ ಬೇರೇನು ಹೊಳೆಯಬೇಕು!

ಕೊಯ್ದ ಮುಖವನ್ನು ನುಣುಪು ಮಾಡಿ ಎಪಾಕ್ಸಿಯಿಂದ ಗಾಜಿಗೆ ಅಂಟಿಸಿ, ಕಾರ್ಬೊರಂಡಮ್ ಪುಡಿಯಲ್ಲಿ 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜುತ್ತೇನೆ. ಕೊನೆಯ ಹಂತಕ್ಕೆ ಯಂತ್ರ ಬೇಡ. ಗಾಜಿನ ಹಲಗೆಯ ಮೇಲೆ ನುಣ್ಣನೆಯ ಪುಡಿ, ನೀರು, ಬೆರಳ ತುದಿಯ ಒತ್ತಡ ಸಾಕು. ದಪ್ಪ ಸರಿಬಂತೇ ಎಂದು ಕ್ಯಾಲ್ಸೈಟ್ ಹೇಳುವುದಿಲ್ಲ, ಅದರ ಬಣ್ಣ ಆ ದಪ್ಪದಲ್ಲೂ ಪೇಲವವಾಗಿಯೇ ಇರುತ್ತದೆ. ನಡುನಡುವೆ ಸಿಕ್ಕಿರುವ ಕ್ವಾರ್ಟ್ಜ್ ಕಣವನ್ನು ಸೂಕ್ಷ್ಮದರ್ಶಕದ ಅಡ್ಡ ಧ್ರುವಕಗಳ ನಡುವೆ, ಅಂದರೆ ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಬೆಳಕಿನ ಸೋಸುಕಗಳ ನಡುವೆ, ನೋಡಬೇಕು. ಹಳದಿ ಕಂಡರೆ ಇನ್ನೂ ಉಜ್ಜಬೇಕು, ಬೂದು ಬಣ್ಣಕ್ಕೆ ಬಂದರೆ ಕೈ ನಿಲ್ಲಿಸಬೇಕು.

ಹೀಗೆ ಉಜ್ಜಿದ ಒಳ್ಳೆಯ ಫಲಕದಲ್ಲಿ ಚಿಪ್ಪಿನ ಕೋಣೆಗಳು ಸಾಲಾಗಿ ಕಾಣುತ್ತವೆ. ಗೋಡೆ ಮಬ್ಬು, ಒಳಗೆ ತುಂಬಿದ ಕ್ಯಾಲ್ಸೈಟ್ ತಿಳಿ. ಕೆಲವು ಕೋಣೆಗಳಲ್ಲಿ ಬೆಳಕು ಹಾಯದ ಕಪ್ಪು ಗುಂಡುಗಳಿರುತ್ತವೆ. ಅವು ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ, ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಅಲ್ಲಿ ದುಡಿದ ಗುರುತು. ಗಂಟಿನ ನಡುವಿನಿಂದ ಅಂಚಿಗೆ ಫಲಕ ಸರಿಸುತ್ತ ಹೋದರೆ ಕೋಣೆಗಳು ಸ್ವಲ್ಪಸ್ವಲ್ಪವೇ ಚಪ್ಪಟೆಯಾಗುವುದುಂಟು. ಅಂಚು ಗಟ್ಟಿಯಾಗುವ ಹೊತ್ತಿಗೆ ಮೇಲಿನ ಭಾರ ಬೀಳತೊಡಗಿತ್ತು ಎಂದು ಅದನ್ನು ಓದುತ್ತೇನೆ. ಕಲ್ಲನ್ನು ಇಡಿಯಾಗಿ ಕರಗಿಸಿದವರಿಗೆ ಇದು ಸಿಗುವುದಿಲ್ಲ.

ಉಳಿದ ಅರ್ಧ ಮಾತ್ರ ಆಮ್ಲಕ್ಕೆ. ರೇಡಿಯೊಲೇರಿಯಾ ಎಂಬ ಏಕಕೋಶ ಜೀವಿಗಳ ಮುಳ್ಳುಮುಳ್ಳಾದ ಚಿಪ್ಪು ಸಿಲಿಕದ್ದು, ಈ ಆಮ್ಲಕ್ಕೆ ಅದು ಕರಗದು. ಅದು ಸಿಲಿಕವಾಗಿಯೇ ಉಳಿದಿರುವುದು ಫಲಕದಲ್ಲಿ ಖಚಿತವಾದರೆ, ಶೇ. 10ರ ಅಸಿಟಿಕ್ ಆಮ್ಲದಲ್ಲಿ ನೆನೆಹಾಕಿ, ಗುಳ್ಳೆ ನಿಂತಾಗ ಆಮ್ಲ ಬದಲಿಸುತ್ತೇನೆ. ತಳದ ರಾಡಿಯನ್ನು 63 ಮೈಕ್ರಾನ್ ಜರಡಿಯಲ್ಲಿ ತೆಳುವಾದ ನೀರಿನ ಧಾರೆಯಡಿ ತೊಳೆಯಬೇಕು. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಮುಳ್ಳುಗಳೆಲ್ಲ ಮುರಿಯುತ್ತವೆ.